ಒತ್ತೆಯಾಳು ಬಿಟ್ಟ ಷರತ್ತು

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಈಗಷ್ಟೇ ಇಬ್ಬರು ಹೊಲದ ಲಾವಣಿ ಮಾತು ಮುಗಿಸಿದರು. "ರೊಕ್ಕ ಯುಗಾದಿಗೆ. ಮಳಿ ಕೈಕೊಟ್ರ ಅರ್ಧ. ಬದುವಿನ ಬೇವಿನ ಗಿಡ ಕಡಿಯಂಗಿಲ್ಲ." ಕಾಗದ ಇಲ್ಲ, ಸಹಿ ಇಲ್ಲ. ಚಹಾ ಕುಡಿದು ಎದ್ದರು.

ನನಗೆ ಕಿತ್ತೂರಿನ ಕರಾರು ನೆನಪಾಯಿತು. ಪೇಶ್ವೆ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿಗೆ ವರ್ಷವರ್ಷ ಕಪ್ಪ ಕೊಟ್ಟುಕೊಂಡು ಸಂಸ್ಥಾನ ಉಳಿಯಬೇಕು ಅನ್ನೋದು ಒಪ್ಪಂದ. 1824ರ ಸೆಪ್ಟೆಂಬರ್‌ನಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡದ್ದೇ ತಡ, ನಮ್ಮ ಅನುಮತಿ ಇಲ್ಲದ ದತ್ತು ನಡೆಯೋದಿಲ್ಲ ಅಂದರು ಕಂಪನಿಯವರು. ಅಕ್ಟೋಬರ್ 23ರ ಕಾಳಗ, ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತದ್ದು ನಮಗೆಲ್ಲ ಗೊತ್ತು.

ನನ್ನನ್ನು ಕಾಡೋದು ಅದರ ನಂತರದ್ದು. ಸ್ಟೀವನ್ಸನ್, ಎಲಿಯಟ್ ಎಂಬ ಇಬ್ಬರು ಕಂಪನಿ ಅಧಿಕಾರಿಗಳು ಕಿತ್ತೂರಿನ ರಾಣಿ ಚೆನ್ನಮ್ಮನ ಸೆರೆಯಲ್ಲಿದ್ದರು. ಅವಳ ಕೈಯಲ್ಲಿದ್ದ ದೊಡ್ಡ ಬಲವೇ ಅವರು. ಯುದ್ಧ ನಿಲ್ಲಿಸುತ್ತೀರಿ ಅನ್ನುವ ಷರತ್ತಿನ ಮೇಲೆ ಬಿಟ್ಟಳು. ತನ್ನ ಪಾಲಿನದನ್ನು ಮೊದಲು ನಡೆಸಿಕೊಟ್ಟಳು. ಕಮಿಷನರ್ ಚಾಪ್ಲಿನ್ ಯುದ್ಧ ನಿಲ್ಲಿಸಲಿಲ್ಲ. ಡಿಸೆಂಬರ್‌ನಲ್ಲಿ ಕೋಟೆ ಬಿತ್ತು. ಚೆನ್ನಮ್ಮನನ್ನು ಇದೇ ಬೈಲಹೊಂಗಲದಲ್ಲಿ ಸೆರೆ ಇಟ್ಟರು. 1829ರಲ್ಲಿ ಇಲ್ಲೇ ತೀರಿಕೊಂಡಳು.

ಅವಳು ಮೋಸ ಹೋದಳು ಅನ್ನುವವರಿದ್ದಾರೆ. ನಾನು ಒಪ್ಪೋದಿಲ್ಲ. ಕೊಟ್ಟ ಮಾತು ಉಳಿಸಿಕೊಂಡವರದ್ದು ತಪ್ಪು ಹೇಗಾಗುತ್ತದೆ?

ಶಾಲೆಯಲ್ಲಿ ನಮಗೆ ಕಾಳಗದ ಕಥೆ ಹೇಳಿದರು. ಈ ಷರತ್ತಿನ ಕಥೆ ಹೇಳಿದ ಮಾಸ್ತರು ನಿಮಗ್ಯಾರಿಗಾದರೂ ಸಿಕ್ಕಿದ್ದರೆ ಬರೀರಿ.