ಗುಲಾಬಿ ಗುಡಾರದಲ್ಲಿ ಖಡಕ್ ರೊಟ್ಟಿ

ನಡೆಯುವುದಕ್ಕೆ ಜನ ದುಡ್ಡು ಕೊಡುತ್ತಾರೆ ಎಂದರೆ ನಮ್ಮಪ್ಪ ಇವತ್ತಿಗೂ ನಂಬುವುದಿಲ್ಲ. ಅವರ ಪ್ರಕಾರ ಮನುಷ್ಯ ಮೈಲಿಗಟ್ಟಲೆ ನಡೆಯಲು ಇರುವುದು ಮೂರೇ ಕಾರಣ: ಬಸ್ಸು ತಪ್ಪಿರಬೇಕು, ಹರಕೆ ಹೊತ್ತಿರಬೇಕು, ಇಲ್ಲವೇ ಡಾಕ್ಟರು ಸಕ್ಕರೆ ಕಾಯಿಲೆ ಎಂದಿರಬೇಕು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮೂರು ದಿನ 60 ಮೈಲಿ ನಡೆಯುತ್ತೇನೆ, ಅದಕ್ಕೆ ಮೊದಲು ಕಡಿಮೆಯೆಂದರೂ 2,300 ಡಾಲರ್ ಚಂದಾ ಎತ್ತಬೇಕು ಎಂದು ಮೈಸೂರಿಗೆ ಫೋನ್ ಮಾಡಿ ಹೇಳಿದಾಗ ಅವರು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿದರು. ಕೋವಿಡ್‌ಗೆ ಮುಂಚಿನ ಮಾತು. ಆಗಲೇ ಒಂದೂವರೆ ಲಕ್ಷ ದಾಟುತ್ತಿತ್ತು. "ಅಷ್ಟು ದುಡ್ಡಿಗೆ ಟ್ಯಾಕ್ಸಿ ಬರಲ್ವೇನಮ್ಮ ಅಲ್ಲಿ?" ಎಂದರು.

ಪ್ರಶ್ನೆ ತೆಗೆದುಹಾಕುವಂಥದ್ದೇನಲ್ಲ. ಸ್ತನ ಕ್ಯಾನ್ಸರಿನ ಸಂಶೋಧನೆಗೆ, ಕೈಯಲ್ಲಿ ಕಾಸಿಲ್ಲದ ರೋಗಿಗಳಿಗೆ ಹಣ ಬೇಕು, ಒಪ್ಪೋಣ. ಚೆಕ್ ಬರೆದು ಕೊಟ್ಟರೆ ಮುಗಿಯಿತಲ್ಲ, ಪಾದ ಯಾಕೆ ಸವೆಸಬೇಕು? ಸೂಸನ್ ಜಿ. ಕೋಮೆನ್ ಹೆಸರಿನ ಸಂಸ್ಥೆ ನಡೆಸುತ್ತಿದ್ದ ಈ ನಡಿಗೆಗೆ ‘ತ್ರೀ ಡೇ’ ಎಂದು ಹೆಸರು. ದಿನಕ್ಕೆ 20 ಮೈಲಿ, ರಾತ್ರಿ ಗುಡಾರದಲ್ಲಿ ವಾಸ. ನಮ್ಮ ಕಡೆಯ ಲೆಕ್ಕದಲ್ಲಿ ಹೆಚ್ಚುಕಮ್ಮಿ ಮೈಸೂರಿನಿಂದ ರಾಮನಗರದವರೆಗೆ ಕಾಲ್ನಡಿಗೆ. ದಾರಿಯಲ್ಲಿ ಮದ್ದೂರು ವಡೆ ಮಾತ್ರ ಸಿಗುವುದಿಲ್ಲ.

ಈ ಉಪದ್ವ್ಯಾಪಕ್ಕೆ ನನ್ನನ್ನು ಎಳೆದವಳು ನನ್ನ ಧಾರವಾಡದ ಗೆಳತಿ. ಹೆಸರು ಬರೆದರೆ ಮಾತು ಬಿಡುತ್ತೇನೆ ಎಂದಿದ್ದಾಳೆ. ಮಾತು ಬಿಡುವುದು ಅವಳ ಕೈಲಾಗುವ ಕೆಲಸವಲ್ಲ, ಆದರೂ ಯಾಕೆ ಬೇಕು. "ನಡಿಯೂದಽ ಅಲ್ಲೇನ? ಎಲ್ಲಮ್ಮನ ಗುಡ್ಡಕ್ಕ ನಡದಾಕಿಗೆ ಇದೇನ್ ದೊಡ್ಡ ಮಾತವಾ!" ಎಂದು ನನ್ನ ಹೆಸರನ್ನೂ ತಾನೇ ನೋಂದಾಯಿಸಿದಳು. ಅವಳು ಸವದತ್ತಿಗೆ ನಡೆದದ್ದು ಪಿಯುಸಿ ಓದುವಾಗ ಎಂಬುದೂ, ಆಮೇಲೆ ನಡುವೆ ಎರಡು ಹೆರಿಗೆ, ಒಂದು ಮಂಡಿನೋವು ಬಂದುಹೋಗಿವೆ ಎಂಬುದೂ ಆ ಉತ್ಸಾಹದಲ್ಲಿ ಲೆಕ್ಕಕ್ಕೆ ಬರಲಿಲ್ಲ. ತಾಲೀಮು ಶುರುವಾಯಿತು. ನಡೆದಂತೆ ಪಾದ ಊದುತ್ತದೆ, ಅರ್ಧ ಸೈಜು ದೊಡ್ಡ ಶೂ ಕೊಳ್ಳಬೇಕು, ಎರಡು ಜೊತೆ ಕಾಲುಚೀಲ ಜೊತೆಗಿರಬೇಕು, ಬೊಕ್ಕೆ ಏಳುವ ಮುಂಚೆಯೇ ಪಟ್ಟಿ ಹಚ್ಚಬೇಕು ಎಂಬ ಜ್ಞಾನವೆಲ್ಲ ಬಂತು. ಶನಿವಾರ ಬೆಳಿಗ್ಗೆ ನಾವಿಬ್ಬರು ಬೀದಿ ಅಳೆಯುವುದನ್ನು ನೋಡಿ ನನ್ನ ಗಂಡ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೈ ಬೀಸುತ್ತಿದ್ದರು. ಸೈನಿಕರನ್ನು ಕಳಿಸಿಕೊಡುವವರ ಗತ್ತು ಅವರದು.

ನಡೆಯುವುದಕ್ಕಿಂತ ಕಷ್ಟವಾದದ್ದು ಕೇಳುವುದು. ದಾಸರು ಗೋಪಾಳ ಬುಟ್ಟಿ ಹಿಡಿದು ಮನೆಮನೆ ತಿರುಗಿದ ನಾಡಿನವರಾದರೂ ನಮಗೆ ಇನ್ನೊಬ್ಬರ ಮುಂದೆ ಕೈ ಚಾಚಲು ಜೀವ ಹೋಗುತ್ತದೆ. ಅದರಲ್ಲೂ ಗಣೇಶನ ವಂತಿಗೆಯಾದರೆ ಕೇಳಬಹುದು, ಸ್ತನದ ಹೆಸರಿನಲ್ಲಿ ಯಾರನ್ನು ಕೇಳುವುದು? ಗೆಳತಿಯೇ ದಾರಿ ಕಂಡುಹಿಡಿದಳು. ಕನ್ನಡ ಕೂಟದ ಗಣೇಶನ ಹಬ್ಬದಲ್ಲಿ ಗಿರ್ಮಿಟ್ ಮತ್ತು ಮಿರ್ಚಿ ಬಜ್ಜಿಯ ಅಂಗಡಿ ಇಟ್ಟಳು. ಅವಳು ಬಾಣಲೆಯ ಹತ್ತಿರ, ನಾನು ಮಂಡಕ್ಕಿ ಕಲಸುವುದಕ್ಕೆ. ಒಂದು ಪೊಟ್ಟಣಕ್ಕೆ ಐದು ಡಾಲರ್. ಚಿಲ್ಲರೆ ವಾಪಸಿಲ್ಲ ಎಂಬ ಬೋರ್ಡು ಬೇರೆ.

ಮೊದಲ ಗಿರಾಕಿಗಳು ರುಚಿಗೆ ಬಂದರು. ಆಮೇಲೆ ಬೇರೆಯೇ ಒಂದು ಸಾಲು ಬರತೊಡಗಿತು. ರೇಷ್ಮೆ ಸೀರೆಯ ಹೆಂಗಸೊಬ್ಬರು ಪೊಟ್ಟಣ ತಗೊಂಡು ದುಡ್ಡು ಕೊಟ್ಟು ಹೋಗದೆ ಪಕ್ಕಕ್ಕೆ ನಿಂತರು. ಜನ ಕರಗಿದ ಮೇಲೆ, "ನಮ್ಮತ್ತೆಯವರಿಗೂ ಇದೇ ಆಗಿತ್ತು" ಎಂದರು. ಇನ್ನೊಬ್ಬರು ಇಪ್ಪತ್ತು ಡಾಲರ್ ನೋಟು ಮಡಿಸಿ ಕೈಗಿಟ್ಟು, "ನನಗೇ ಆಗಿತ್ತು, ಇಲ್ಲಿ ಯಾರಿಗೂ ಗೊತ್ತಿಲ್ಲ" ಎಂದು ಮಿರ್ಚಿ ಕೂಡ ತೆಗೆದುಕೊಳ್ಳದೆ ಹೊರಟುಬಿಟ್ಟರು. ವರ್ಷಗಟ್ಟಲೆ ಒಟ್ಟಿಗೆ ಕೋಲಾಟ ಆಡಿದವರು! ಎಣ್ಣೆ ಚುರ್ ಅನ್ನುವ ಸದ್ದಿನಲ್ಲಿ ಮಾತು ಮೂರನೆಯವರಿಗೆ ಕೇಳುವುದಿಲ್ಲ ಎಂಬ ಧೈರ್ಯವೋ ಏನೋ, ಆ ಸಂಜೆ ಬಾಣಲೆಯ ಪಕ್ಕ ಬಂದ ಕಥೆಗಳಿಗೆ ಲೆಕ್ಕವಿಲ್ಲ. ಗೆಳತಿ ಜಾರಾ ಕೈಯಲ್ಲಿ ಹಿಡಿದು, ಬಜ್ಜಿ ಕಪ್ಪಾಗುವುದನ್ನೂ ಮರೆತು ಕೇಳುತ್ತಿದ್ದಳು.

ನನ್ನದೂ ಒಂದು ಕಥೆಯಿತ್ತು. ನನ್ನ ದೊಡ್ಡಮ್ಮ, ಅಮ್ಮನ ಅಕ್ಕ, ಕೆಲವು ಕಾಲ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿಬರುತ್ತಿದ್ದರು. ಊರಿನವರಿಗೆ "ಮಗಳ ಮನೆಗೆ" ಎಂದು ಹೇಳಿಕೆ. ಆಪರೇಷನ್ ಆದ ಮೇಲೆ ಅವರ ಎಡಗೈ ಊದಿಕೊಂಡಿತು. ಬಳೆ ಚರ್ಮದಲ್ಲಿ ಕಚ್ಚಿ ಕೂತವು. ಒಂದು ಮಧ್ಯಾಹ್ನ ಅಜ್ಜಿ ಬಾಗಿಲು ಮುಚ್ಚಿ, ಬಳೆಯ ಕೆಳಗೆ ಒದ್ದೆ ಬಟ್ಟೆ ತೂರಿಸಿ, ಒಂದೊಂದನ್ನೇ ಇಕ್ಕಳದಿಂದ ಚಿವುಟಿ ತೆಗೆದರು. ಗಾಜು ನೆಲಕ್ಕೆ ಬೀಳದಂತೆ ಕೆಳಗೆ ಮೊರ ಹಿಡಿದಿದ್ದವಳು ನಾನು. ಅವತ್ತಿನಿಂದ ದೊಡ್ಡಮ್ಮನಿಗೆ ಬಲಗೈಯಲ್ಲಿ ಮಾತ್ರ ಹಸಿರು ಬಳೆ. ಎಡಗೈ ಯಾವಾಗಲೂ ಸೆರಗಿನೊಳಗೆ. ಯಾಕೆ ಎಂದು ಕೇಳಿದರೆ "ಶೀತ" ಎನ್ನುತ್ತಿದ್ದರು. ತೀರಿಕೊಂಡಾಗಲೂ ಬಂದವರಿಗೆಲ್ಲ ಜ್ವರ ಎಂದೇ ಹೇಳಲಾಯಿತು.

ಈ ನಡಿಗೆಯಲ್ಲಿ ಯಾರ ನೆನಪಿಗಾಗಿ ನಡೆಯುತ್ತೇವೋ ಅವರ ಹೆಸರನ್ನು ಬಟ್ಟೆಯ ಮೇಲೆ ಬರೆದುಕೊಳ್ಳುವುದು ರೂಢಿ. ಅಮ್ಮನನ್ನು ಕೇಳಿದೆ. "ಬೇಡ ಕಣೇ" ಎಂದರು. "ಅಕ್ಕನ ಮೊಮ್ಮಗಳಿಗೆ ಗಂಡು ನೋಡ್ತಿದ್ದಾರೆ. ಯಾರಾದ್ರೂ ಫೋಟೋ ನೋಡಿದ್ರೆ ವಂಶದಲ್ಲಿದೆ ಅಂತಾರೆ." ಸ್ತನ ಕ್ಯಾನ್ಸರುಗಳಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ ವಂಶವಾಹಿಯಿಂದ ಬರುವಂಥವು ಎಂದು ನಾನು ವಾದ ಹೂಡಿದೆ. "ಆ ನೂರು, ಹತ್ತು ಎಲ್ಲ ಗಂಡಿನ ಕಡೆಯವರಿಗೆ ನೀನೇ ಬಂದು ಹೇಳು" ಎಂದು ಅಮ್ಮ ಫೋನ್ ಇಟ್ಟರು. ಕೊನೆಗೆ ಬೆನ್ನಿನ ಮೇಲೆ ಕನ್ನಡದಲ್ಲಿ ‘ದೊಡ್ಡಮ್ಮ’ ಎಂದಷ್ಟೇ ಬರೆದುಕೊಂಡೆ. ಸ್ಯಾನ್ ಡಿಯಾಗೋದಲ್ಲಿ ಅದನ್ನು ಓದಬಲ್ಲವಳು ಪಕ್ಕದಲ್ಲಿ ನಡೆಯುತ್ತಿದ್ದವಳೊಬ್ಬಳೇ. ಉಳಿದವರು ಕೇಳಿ ಕೇಳಿ "ಡೋಡಾಮಾ" ಎಂದು ಉರುಹೊಡೆದರು.

ನವೆಂಬರಿನ ನಸುಕಿನಲ್ಲಿ, ಕತ್ತಲೆ ಇರುವಾಗಲೇ, ಡೆಲ್ ಮಾರ್‌ನಿಂದ ಹೊರಟೆವು. ಸ್ವಲ್ಪ ದೂರದಲ್ಲೇ ಟೋರಿ ಪೈನ್ಸ್‌ನ ಏರು. ಆ ಪೈನ್ ಮರ ಅಲ್ಲಿನ ಕರಾವಳಿಯಲ್ಲೂ ಸಾಂತಾ ರೋಸಾ ದ್ವೀಪದಲ್ಲೂ ಬಿಟ್ಟರೆ ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲವಂತೆ. ನೋಡಿ ಆನಂದಿಸಲು ಉಸಿರಿರಲಿಲ್ಲ. ಸುತ್ತಲೂ ಗುಲಾಬಿ ಬಣ್ಣದ ಜಾತ್ರೆ. ಗುಲಾಬಿ ಕೂದಲಿನ ಅಜ್ಜಿಯರು, ಗುಲಾಬಿ ಲಂಗ ತೊಟ್ಟ ಗಡ್ಡದ ಗಂಡಸರು, ಶರ್ಟಿನ ಮೇಲೆಯೇ ಬ್ರಾ ಕಟ್ಟಿಕೊಂಡು ಗಂಭೀರವಾಗಿ ನಡೆಯುತ್ತಿದ್ದ ಒಬ್ಬ ಯಜಮಾನರು. ಬೆನ್ನಿನ ಮೇಲಿನ ಘೋಷಣೆಗಳನ್ನು ಇಲ್ಲಿ ಬರೆದರೆ ಸಂಪಾದಕರು ಉಳಿಸಲಿಕ್ಕಿಲ್ಲ. ಬ್ರಾವನ್ನು ಟವೆಲಿನಡಿ ಮುಚ್ಚಿ ಒಣಹಾಕುವ ಮನೆಗಳಲ್ಲಿ ಬೆಳೆದ ನಾವಿಬ್ಬರೂ ಮೊದಲ ಕೆಲವು ಮೈಲಿ ನೆಲ ನೋಡಿಕೊಂಡೇ ನಡೆದೆವು. ಲಾ ಹೋಯಾದ ಕಡಲಸಿಂಹಗಳ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ಗೆಳತಿ ಎದುರಿಗೆ ಬಂದವರಿಗೆಲ್ಲ ಕೈಬೀಸಿ ಕೂಗುತ್ತಿದ್ದಳು.

ಕೆಲವು ಮೈಲಿಗೊಂದು ತಂಗುದಾಣ. ಅಲ್ಲಿ ನೀರು, ಬಾಳೆಹಣ್ಣು, ಕಡಲೆಬೀಜದ ಬೆಣ್ಣೆ ಮತ್ತು ಜಾಮ್ ತುಂಬಿದ ದುಂಡು ಬ್ರೆಡ್ಡು. ಆ ಬ್ರೆಡ್ಡನ್ನು ಒಂದು ಬಾರಿ ಕಚ್ಚಿದ ಗೆಳತಿ, "ಶೇಂಗಾಕ್ಕ ಇಂಥಾ ಅಪಮಾನ ಆಗಬಾರದಿತ್ತು" ಎಂದಳು. ಕಾಲು ಸೋತವರನ್ನು ತುಂಬಿಕೊಂಡು ಹೋಗಲು ಹಿಂದಿನಿಂದ ವ್ಯಾನುಗಳು ಬರುತ್ತಿದ್ದವು. ಹಾಡು ಹಾಕಿಕೊಂಡು, ಮೈಗೆಲ್ಲ ಅಲಂಕಾರ ಮಾಡಿಕೊಂಡು ಬಂದು ಪಕ್ಕದಲ್ಲೇ ನಿಧಾನಿಸುತ್ತಿದ್ದವು. ಅಪ್ಪ ಹೇಳಿದ ಟ್ಯಾಕ್ಸಿ ಇದೇ ಇರಬೇಕು ಎಂದು ನಾನು ಒಂದು ಕಾಲು ಮುಂದಿಟ್ಟಾಗಲೆಲ್ಲ ಅವಳು, "ಹತ್ತು ಹತ್ತು. ಗಿರ್ಮಿಟ್ ತಿಂದವರಿಗೆ ನಾಳೆ ಏನ್ ಹೇಳ್ತಿ?" ಎನ್ನುತ್ತಿದ್ದಳು.

ಮಿಷನ್ ಬೇ ದಂಡೆಯ ಬಯಲಿನಲ್ಲಿ ಶಿಬಿರ. ಇಬ್ಬರಿಗೊಂದರಂತೆ ಸಾಲುಸಾಲು ಗುಲಾಬಿ ಗುಡಾರ, ಲಾರಿಯೊಳಗೆ ಸ್ನಾನದ ಮನೆ. ರಾತ್ರಿ ದೀಪ ಆರಿಸಿದ ಮೇಲೆ ಗೆಳತಿ ಚೀಲದಿಂದ ಡಬ್ಬಿ ತೆಗೆದಳು: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಂದು ಪುಟ್ಟ ಬಾಟಲಿಯಲ್ಲಿ ಎಣ್ಣೆ. ಇಡೀ ಬಯಲು ಗಪ್‌ಚಿಪ್. ಅಂಥ ನಿಶ್ಶಬ್ದದಲ್ಲಿ ಖಡಕ್ ರೊಟ್ಟಿ ಮುರಿದರೆ ಎಷ್ಟು ದೊಡ್ಡ ಸದ್ದಾಗುತ್ತದೆ ಎಂಬುದು ತಿಂದವರಿಗಷ್ಟೇ ಗೊತ್ತು. ಪಕ್ಕದ ಗುಡಾರದಿಂದ, "ಯಾರದಾದರೂ ಮಂಡಿ ಮುರಿಯಿತೇ?" ಎಂದು ಆತಂಕದ ದನಿ ಬಂತು. ಆ ಹೆಂಗಸಿಗೂ ಒಂದು ರೊಟ್ಟಿ ಕೊಟ್ಟೆವು.

ಬೆಳಿಗ್ಗೆ ಅವರು ನಮ್ಮ ಜೊತೆಗೇ ಹೊರಟರು. ಎಪ್ಪತ್ತರ ಆಸುಪಾಸು. ಎಡಗೈಗೆ ಭುಜದಿಂದ ಮಣಿಕಟ್ಟಿನವರೆಗೆ ಹೂವಿನ ಚಿತ್ತಾರದ ಬಿಗಿಯಾದ ತೋಳು ತೊಟ್ಟಿದ್ದರು. ಚೆನ್ನಾಗಿದೆ ಎಂದೆ. ಬೇರೆ ಬೇರೆ ಬಣ್ಣದ್ದಿವೆ, ಸೀರೆಗೆ ಹೊಂದುವಂಥದ್ದು ನಿನಗೂ ಸಿಗುತ್ತದೆ ಎಂದು ನಕ್ಕರು. ಕಂಕುಳಿನ ಗ್ರಂಥಿಗಳನ್ನು ತೆಗೆದರೆ ಕೈಯಿಂದ ದ್ರವ ಹರಿಯುವ ದಾರಿ ಕಟ್ಟಿಹೋಗಬಹುದು, ಕೈ ಊದಬಹುದು, ಈ ಬಿಗಿ ತೋಳು ಅದನ್ನು ಹದ್ದಿನಲ್ಲಿಡುತ್ತದೆ ಎಂದು, ಮಳೆ ಬೆಳೆಯ ಸುದ್ದಿ ಹೇಳುವಷ್ಟು ಸಲೀಸಾಗಿ ವಿವರಿಸಿದರು. ನನಗೆ ಮೊರದಲ್ಲಿ ಬಿದ್ದ ಬಳೆಚೂರು ಕಾಣುತ್ತಿತ್ತು. ಹೀಗೊಂದು ತೋಳು ದೊಡ್ಡಮ್ಮನಿಗೂ ಸಿಕ್ಕಿದ್ದರೆ ಎಂದುಕೊಂಡೆ. ಸಿಗಬೇಕಾದರೆ ಮೊದಲು ಕೈಯನ್ನು ಸೆರಗಿನಿಂದ ಹೊರಗೆ ತೆಗೆಯಬೇಕಿತ್ತು. ಗೆಳತಿ ಏನೂ ಕೇಳಲಿಲ್ಲ. ಬೆನ್ನಿನ ಮೇಲಿನ ಹೆಸರು ಮುಟ್ಟಿ, "ಸುಮ್ನ ನಡಿಯವಾ" ಎಂದಳು.

ಅಮೆರಿಕದವರು ಹುಟ್ಟಿದಾಗಿನಿಂದ ಹೀಗೆ ಬಾಯಿಬಿಟ್ಟವರೆಂದು ತಿಳಿಯಬೇಡಿ. ಅಲ್ಲೂ ಈ ಕಾಯಿಲೆ ಪಿಸುಮಾತಿನದಾಗಿತ್ತು. 1974ರಲ್ಲಿ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ತಮಗೆ ಸ್ತನದ ಶಸ್ತ್ರಚಿಕಿತ್ಸೆಯಾದದ್ದನ್ನು ಮುಚ್ಚಿಡದೆ ಹೇಳಿದಾಗ ದೇಶವೇ ಬೆಚ್ಚಿತು. ಬೆನ್ನಲ್ಲೇ ಹೆಂಗಸರು ತಪಾಸಣೆಗೆ ಸಾಲುಗಟ್ಟಿದರು. ಇಲಿನಾಯ್‌ನ ಸೂಸನ್ ಕೋಮೆನ್ 1980ರಲ್ಲಿ 36ನೇ ವಯಸ್ಸಿಗೆ ಇದೇ ಕಾಯಿಲೆಯಿಂದ ತೀರಿಕೊಂಡರು. ಅವರಿಗೆ ಕೊಟ್ಟ ಮಾತಿನಂತೆ ತಂಗಿ ನ್ಯಾನ್ಸಿ ಬ್ರಿಂಕರ್ 1982ರಲ್ಲಿ ಸಂಸ್ಥೆ ಕಟ್ಟಿದರು. ಈಗ ಮಾತು ಹೆಚ್ಚಾಗಿ ಇನ್ನೊಂದು ತೊಂದರೆ: ಈ ಕಾಯಿಲೆಯ ಜಾಗೃತಿ ತಿಂಗಳಾದ ಅಕ್ಟೋಬರ್ ಬಂದರೆ ಮೊಸರಿನ ಡಬ್ಬಿಯಿಂದ ಮಿಕ್ಸರ್‌ವರೆಗೆ ಎಲ್ಲದರ ಮೇಲೂ ಗುಲಾಬಿ ರಿಬ್ಬನ್. ಈ ರಿಬ್ಬನ್ನಿನ ಮೂಲ ಷಾರ್ಲೆಟ್ ಹೇಲಿ ಎಂಬಾಕೆ ಊಟದ ಮೇಜಿನ ಮೇಲೆ ಕೈಯಾರೆ ಮಾಡಿ ಹಂಚಿದ ಪೀಚ್ ಬಣ್ಣದ ರಿಬ್ಬನ್. ವ್ಯಾಪಾರಕ್ಕೆ ಆಕೆ ಒಪ್ಪಲಿಲ್ಲವೆಂದು 1992ರಲ್ಲಿ ಬೇರೆಯವರು ಬಣ್ಣ ಬದಲಿಸಿ ಗುಲಾಬಿ ಮಾಡಿದರು. ರಿಬ್ಬನ್ ಮಾರುವವರನ್ನು ಅನುಮಾನಿಸುವುದು ತಪ್ಪಲ್ಲ. ಆದರೆ ಹೂವಿನ ತೋಳಿನ ಆ ಹೆಂಗಸು ಏನನ್ನೂ ಮಾರುತ್ತಿರಲಿಲ್ಲ.

ಮೂರನೆಯ ದಿನ ಮುಕ್ತಾಯ ಸಮಾರಂಭ. ಕಾಯಿಲೆಯನ್ನು ಗೆದ್ದವರು ಸಾಲಾಗಿ ಒಳಗೆ ಬರುವಾಗ, ನಡೆದವರೆಲ್ಲ ಒಂದು ಕಾಲಿನ ಶೂ ಬಿಚ್ಚಿ ತಲೆಯ ಮೇಲೆತ್ತಿ ಹಿಡಿದು ಗೌರವ ಸಲ್ಲಿಸಬೇಕು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮೂರಲ್ಲಿ ಹಾಗೆ ಎತ್ತಿದರೆ ಪೊಲೀಸರು ಬರುತ್ತಾರೆ. "ಎತ್ತವಾ, ಎಲ್ಲಾರೂ ಎತ್ಯಾರ" ಎಂದಳು ಗೆಳತಿ. ಎತ್ತಿದೆವು. ಬಿಚ್ಚಿದ ಶೂ ಮತ್ತೆ ಕಾಲಿಗೆ ಹೋಗಲಿಲ್ಲ. ಪಾದ ಅಷ್ಟು ಊದಿತ್ತು.

ಫೋಟೋ ನೋಡಿ ಅಮ್ಮ ಫೋನ್ ಮಾಡಿದರು. "ಯಾರಿಗೇ ಚಪ್ಪಲಿ ತೋರಿಸಿದ್ದು?"

"ಕಾಯಿಲೆ ಬಂದು ಬದುಕಿದವರಿಗೆ. ಅದು ಮರ್ಯಾದೆಯಂತೆ."

"ಅಕ್ಕ ಇದ್ದಿದ್ರೆ ಅವಳಿಗೂ ಎತ್ತುತಿದ್ಯಾ?"

"ಹೂಂ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಇನ್ನೊಂದ್ಸಲ ಹೋದಾಗ ಹೆಸರೇ ಬರಿ" ಎಂದರು. ಮೊಮ್ಮಗಳ ಮದುವೆ ನಿಶ್ಚಯವಾಗಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಅಪ್ಪನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ನಡಿಗೆಯಿಂದ ಯಾರ ಕಾಯಿಲೆಯೂ ವಾಸಿಯಾಗುವುದಿಲ್ಲ. ಆದರೆ ಯಾಕೆ ನಡೆಯುತ್ತೀ ಎಂದು ಹತ್ತು ಜನ ಕೇಳುತ್ತಾರೆ, ಹತ್ತು ಬಾರಿ ಹೇಳಬೇಕಾಗುತ್ತದೆ, ಕೇಳಿದವರಲ್ಲಿ ಒಬ್ಬರು ತಮ್ಮದನ್ನೂ ಹೇಳುತ್ತಾರೆ. ಚೆಕ್ ಬರೆದು ಕಳಿಸಿದರೆ ಇದು ಆಗುವುದಿಲ್ಲ. ಭಾರತದ ಹೆಂಗಸರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರು ಇದು; ಬೇಗ ಗೊತ್ತಾದರೆ ಬದುಕುವ ಸಾಧ್ಯತೆಯೂ ಹೆಚ್ಚು. 30 ದಾಟಿದ ಹೆಂಗಸರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದರ ತಪಾಸಣೆಯ ಕಾರ್ಯಕ್ರಮವೇ ಇದೆ. ಅದಕ್ಕೆ ನೀವು ಸ್ಯಾನ್ ಡಿಯಾಗೋಗೆ ಬರಬೇಕಿಲ್ಲ, ಶೂ ಎತ್ತಬೇಕಿಲ್ಲ. ಈ ಮಾತು ಅಡುಗೆಮನೆಯಿಂದ ಹಜಾರದವರೆಗೆ ನಡೆದು ಬಂದರೆ ಸಾಕು. ನಿಮ್ಮ ಮನೆಯಲ್ಲಿ ಯಾರಾದರೂ "ಶೀತ" ಎಂದು ಕೈ ಮುಚ್ಚಿಕೊಂಡಿದ್ದರೆ, ಇನ್ನೊಂದು ಸಲ ಕೇಳಿ.