ಕಡಲ ಮೇಲೆ ಒಂದು ಕೊಡ ನೀರು

‘ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ’ ಎಂಬ ಗಾದೆ ಕಾರವಾರ, ಅಂಕೋಲೆಗಳ ಮೀನುಗಾರರ ಮಟ್ಟಿಗೆ ತಿರುವುಮುರುವಾಗಿದೆ. ಅವರಿಗೆ ಉಪ್ಪಿನ ಬಡತನವಿಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯ ಜನ ಉಪ್ಪಿನ ಕಾಯಿದೆ ಮುರಿದು ಬ್ರಿಟಿಷ್ ಸರ್ಕಾರಕ್ಕೇ ಸವಾಲು ಹಾಕಿದವರು. ಆದರೆ ದೋಣಿ ದಡ ಬಿಟ್ಟಿತೆಂದರೆ ಸುತ್ತಲೂ ನೀರೇ ನೀರು. ಕುಡಿಯಲು ಮಾತ್ರ ದಡದಿಂದ ಹೊತ್ತು ತಂದಷ್ಟೇ.

ಬಾಯಾರಿದಾಗ ಕಡಲ ನೀರನ್ನೇ ಒಂದಿಷ್ಟು ಕುಡಿದರಾಗದೆ? ಆಗದು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ನಮ್ಮ ಮೂತ್ರಪಿಂಡಗಳು ಅಷ್ಟು ಗಟ್ಟಿ ಉಪ್ಪುನೀರನ್ನು ಹೊರಹಾಕಲಾರವು. ಆ ಉಪ್ಪನ್ನು ತೊಳೆಯಲು ಅವು ದೇಹದಲ್ಲಿ ಮೊದಲೇ ಇದ್ದ ನೀರನ್ನು ಬಳಸುತ್ತವೆ. ಕುಡಿದದ್ದಕ್ಕಿಂತ ಹೆಚ್ಚು ನೀರು ಹೊರಹೋಗಿ ದಾಹ ಇಮ್ಮಡಿಸುತ್ತದೆ.

ಹಿಂದಿನ ನಾವಿಕರಿಗೂ ಇದು ಗೊತ್ತಿತ್ತು. 1498ರಲ್ಲಿ ಕಲ್ಲಿಕೋಟೆಯಿಂದ ಹಿಂತಿರುಗುತ್ತಿದ್ದ ವಾಸ್ಕೋ ಡ ಗಾಮ ಕಾರವಾರದ ಬಳಿಯ ಅಂಜದೀವ ದ್ವೀಪದಲ್ಲಿ ತಂಗಿ, ಹಡಗು ದುರಸ್ತಿಯ ಜೊತೆಗೆ ಸಿಹಿನೀರನ್ನೂ ತುಂಬಿಸಿಕೊಂಡ. ನೀರು ಸಿಗುವ ನಡುಗಡ್ಡೆ ನಾವಿಕನಿಗೆ ಬಂಗಾರದ ಗಡ್ಡೆಗಿಂತ ಹೆಚ್ಚು.

ಇಂದಿನ ಲೆಕ್ಕ ನೋಡೋಣ. ಬೈತಖೋಲ ಬಂದರಿನಿಂದ ಎಂಟು ಜನ ಹತ್ತು ದಿನಗಳ ಮೀನುಗಾರಿಕೆಗೆ ಹೊರಟರೆನ್ನಿ. ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ಐದು ಲೀಟರ್ ಎಂದರೂ 400 ಲೀಟರ್ ಬೇಕು. ಎಂಜಿನ್ ಕೆಟ್ಟು ಎರಡು ಮೂರು ದಿನ ತೇಲಬೇಕಾಗಿ ಬಂದರೆ ಎಂದು ಇನ್ನೂ 100 ಲೀಟರ್ ಸೇರಿಸಿದರೆ 500 ಆಯಿತು. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಅಂದರೆ ಅರ್ಧ ಟನ್! ಅಷ್ಟನ್ನು ಇಡುವುದೆಲ್ಲಿ?

ಅಂಕೋಲೆ ಕಡೆಯ ತಾಂಡೇಲರೊಬ್ಬರು ಇದಕ್ಕೆ ಸುಲಭದ ಉಪಾಯ ಹುಡುಕಿದ್ದರು. ಚುಕ್ಕಾಣಿ ಕೋಣೆಯ ಮಾಡಿನ ಮೇಲೆ 200 ಲೀಟರಿನ ಡ್ರಮ್ ಕೂರಿಸಿ ನಳ ಇಳಿಸಿದರೆ ಪಂಪೂ ಬೇಡ, ಜಾಗವೂ ಉಳಿಯಿತು. ಪಿಯುಸಿ ಓದುತ್ತಿದ್ದ ಮಗಳು ಕೇಳಿದಳಂತೆ: “ಅಪ್ಪಾ, ಮೂರು ಜನರನ್ನು ಹತ್ತು ದಿನ ಮಾಡಿನ ಮೇಲೆ ನಿಲ್ಲಿಸಿಕೊಂಡು ಹೋಗುತ್ತೀಯಾ?” ತೂಕ ಮೇಲೇರಿದಂತೆ ದೋಣಿಯ ಗುರುತ್ವ ಕೇಂದ್ರವೂ ಮೇಲೇರುತ್ತದೆ, ವಾಲಿದ ದೋಣಿ ಮತ್ತೆ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ಪಾಠದ ಪುಸ್ತಕದ ಆ ಮಾತು ಆ ಮನೆಯಲ್ಲಿ ಮೊದಲ ಬಾರಿಗೆ ಅಪ್ಪನ ಜೀವದ ಮಾತಾಗಿತ್ತು. ತಾಂಡೇಲರು ಡ್ರಮ್ಮನ್ನು ಮಾಡಿಗೇರಿಸಲಿಲ್ಲ.

ಹಾಗಾದರೆ ದೋಣಿಯ ಹೊಟ್ಟೆಯಲ್ಲಿ ಒಂದೇ ದೊಡ್ಡ ತೊಟ್ಟಿ ಮಾಡಿಸೋಣವೆಂದು ಮಗಳು ಹೇಳಿದಾಗ ತಲೆಯಾಡಿಸುವ ಸರದಿ ಅಪ್ಪನದಾಯಿತು. “ಅರ್ಧ ಖಾಲಿಯಾದ ತೊಟ್ಟಿ ಅಲೆಗೆ ಸಿಕ್ಕರೆ ಒಳಗೇ ಇನ್ನೊಂದು ಸಮುದ್ರ” ಎಂದರು. ಅನುಭವದ ಈ ಮಾತಿನಲ್ಲೂ ವಿಜ್ಞಾನವಿದೆ. ದೋಣಿ ಎಡಕ್ಕೆ ವಾಲಿದರೆ ತೊಟ್ಟಿಯ ನೀರೂ ಎಡಕ್ಕೇ ಓಡಿ ವಾಲುವಿಕೆಯನ್ನು ಹೆಚ್ಚಿಸುತ್ತದೆ. ದೋಣಿಯ ಉದ್ದಕ್ಕೆ ಒಂದು ಗೋಡೆ ಕಟ್ಟಿ ತೊಟ್ಟಿಯನ್ನು ಎರಡು ಸಮಭಾಗ ಮಾಡಿದರೆ ಈ ಅಪಾಯ ಕಾಲುಭಾಗಕ್ಕೆ ಇಳಿಯುತ್ತದೆ. ಮೂರು ಭಾಗ ಮಾಡಿದರೆ ಒಂಬತ್ತರಲ್ಲೊಂದು ಪಾಲಿಗೆ. ಮಕ್ಕಳು ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ನಡೆದು ನೋಡಲಿ. ಆಮೇಲೆ ಅದೇ ನೀರನ್ನು ನಾಲ್ಕು ಲೋಟಗಳಿಗೆ ಹಂಚಿ ಅದೇ ತಟ್ಟೆಯಲ್ಲಿಟ್ಟು ನಡೆಯಲಿ. ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಹಂಚಿಡುವುದಕ್ಕೆ ಇನ್ನೊಂದು ಕಾರಣವೂ ಇದೆ. ನೌಕಾಪಡೆಯ ಅಧಿಕಾರಿ ಅಭಿಲಾಷ್ ಟಾಮಿ ಅವರು ಗೋವಾದಲ್ಲಿ ಕಟ್ಟಿದ ‘ಮಾದೇಯಿ’ ಹಾಯಿದೋಣಿಯಲ್ಲಿ 2012ರ ನವೆಂಬರ್ 1ರಂದು ಮುಂಬಯಿಯಿಂದ ಹೊರಟು, ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿ 2013ರ ಮಾರ್ಚ್ 31ರಂದು ಹಿಂತಿರುಗಿದರು. ಆ ಯಾನದಲ್ಲಿ ಸಂಗ್ರಹದ ಸಿಹಿನೀರಿಗೆ ಡೀಸೆಲ್ ಬೆರೆತು ಅವರು ನೀರಿಗೆ ಪರದಾಡಬೇಕಾಯಿತು; ಮಳೆನೀರೂ ಅವರಿಗೆ ಆಸರೆಯಾಯಿತು. ನೀರೆಲ್ಲ ಒಂದೇ ಕಡೆ ಇದ್ದರೆ ಒಂದು ಬಿರುಕು, ಒಂದು ಹನಿ ಎಣ್ಣೆ ಸಾಕು. ತಾಂಡೇಲರು 20 ಲೀಟರಿನ ಕ್ಯಾನುಗಳನ್ನು ಕೆಳಗಡೆ ಎರಡೂ ಮಗ್ಗುಲಲ್ಲಿ ಸಮನಾಗಿ ಕಟ್ಟಿಸಿದರು. ಐದು ಕ್ಯಾನುಗಳಿಗೆ ಕೆಂಪು ಪಟ್ಟಿ. ದಡ ಕಾಣುವ ತನಕ ಅವುಗಳ ಮುಚ್ಚಳ ತೆರೆಯುವಂತಿಲ್ಲ.

ಕಡಲ ನೀರನ್ನೇ ಸಿಹಿಯಾಗಿಸುವ ಯಂತ್ರಗಳೂ ಬಂದಿವೆ. ಸಮುದ್ರದ ನೀರಿನ ಅಭಿಸರಣ ಒತ್ತಡ ವಾಯುಭಾರದ ಸುಮಾರು 27 ಪಟ್ಟು. ಅದನ್ನು ಮೀರಿದ ಒತ್ತಡ ಹಾಕಿ ನೀರನ್ನು ಪೊರೆಯ ಮೂಲಕ ತಳ್ಳಿದಾಗ ಉಪ್ಪು ಹಿಂದುಳಿಯುತ್ತದೆ. ಆದರೆ ಯಂತ್ರಕ್ಕೆ ಹಣ ಬೇಕು, ಶಕ್ತಿ ಬೇಕು; ಅದು ಕೆಟ್ಟ ದಿನಕ್ಕೆ ಕ್ಯಾನು ಇರಲೇಬೇಕು. ಮಳೆಯ ಲೆಕ್ಕ ಇನ್ನೂ ಸರಳ: ಒಂದು ಚದರ ಮೀಟರ್ ತಾಡಪಾಲಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ತಾಡಪಾಲಿಗೆ ಅಂಟಿದ ಉಪ್ಪು ತೊಳೆದುಹೋಗುವವರೆಗಿನ ನೀರನ್ನು ಚೆಲ್ಲಬೇಕು, ಅಷ್ಟೆ.

ಎಲ್ಲಕ್ಕಿಂತ ಅಗ್ಗದ ತೊಟ್ಟಿ ಮಿತವ್ಯಯ. ಪಾತ್ರೆ, ಕೈಕಾಲುಗಳನ್ನು ಕಡಲ ನೀರಿನಲ್ಲಿ ತೊಳೆದು ಕೊನೆಗೆ ಮಾತ್ರ ಸಿಹಿನೀರು ಸೋಕಿಸಿದರೆ, ತಲೆಗೆ ದಿನಕ್ಕೊಂದು ಲೀಟರ್ ಉಳಿದರೂ ಎಂಟು ಜನರಿಗೆ ಹತ್ತು ದಿನದಲ್ಲಿ 80 ಲೀಟರ್ ಉಳಿಯಿತು. ಅದಕ್ಕೆ ಜಾಗ ಬೇಡ, ತೂಕವಿಲ್ಲ, ದೋಣಿ ವಾಲುವ ಭಯವಿಲ್ಲ.

ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಕಾಶ ಕೊಡಗಟ್ಟಲೆ ನೀರು ಸುರಿಯುವ ಆ 61 ದಿನ ದೋಣಿಗಳು ದಡದಲ್ಲಿರುತ್ತವೆ. ಬಲೆ ಹೆಣೆಯುವ, ಎಂಜಿನ್ ಬಿಚ್ಚುವ ಕಾಲವದು. ಕ್ಯಾನುಗಳ ಪಾಚಿ ಉಜ್ಜಿ, ಬಿಸಿಲು ಕಂಡ ದಿನ ಒಣಗಿಸಿ, ಮುಚ್ಚಳದ ರಬ್ಬರ್ ಬದಲಿಸುವುದಕ್ಕೂ ಅದೇ ಕಾಲ. ಶಾಲೆಯಿಂದ ಬಂದ ಮಕ್ಕಳೂ ಈ ಕೆಲಸಕ್ಕೆ ಕೈಹಾಕಬಹುದು. ಆಗಸ್ಟಿನಲ್ಲಿ ಕಡಲಿಗಿಳಿಯುವ ಅಪ್ಪ, ಅಣ್ಣಂದಿರು ಕುಡಿಯುವುದು ಅದೇ ನೀರನ್ನು.