ಇಳಿಯುವ ಸ್ವಾತಂತ್ರ್ಯ

ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯಲ್ಲಿ ಬೆಳೆದವನಿಗೆ ಬಸ್ಸೆಂದರೆ ತಾಳ್ಮೆಯ ಪಾಠ. ಶೇಂಗಾ ಹೊಲದಂಚಿನಲ್ಲಿ ನಿಂತು ಕೈಯೆತ್ತಬೇಕು. ತಪ್ಪಿದರೆ ಮತ್ತೊಂದು ಬರುವವರೆಗೆ ಕಾದಿರಬೇಕು. ಅಂಥ ತರುಣನೊಬ್ಬನು, ವರುಷಗಟ್ಟಲೆ ಕೂಡಿಟ್ಟ ಹಣದಿಂದ, ಬೆನ್ನಿಗೆ ಚೀಲ ಬಿಗಿದು ಲಂಡನ್ನಿಗೆ ಹೋದನು. ಅಲ್ಲಿ ಪ್ರವಾಸಿಗಳಿಗೆಂದೇ ಮೇಲ್ಛಾವಣಿಯಿಲ್ಲದ ಎರಡಂತಸ್ತಿನ ಬಸ್ಸುಗಳುಂಟು. ಒಂದೇ ಟಿಕೆಟ್ಟಿನಲ್ಲಿ, ಅದರ ಅವಧಿ ಮುಗಿಯುವವರೆಗೆ, ಬೇಕಾದ ನಿಲ್ದಾಣದಲ್ಲಿ ಇಳಿದು, ಹಿಂದೆ ಬರುವ ಬಸ್ಸನ್ನು ಏರಬಹುದು.

ಆದರೆ ವಿಚಿತ್ರವನ್ನು ನೋಡಿ! ಇಳಿಯುವ ಸ್ವಾತಂತ್ರ್ಯವಿದ್ದರೂ ಅವನು ಇಳಿಯಲೇ ಇಲ್ಲ. ಟಿಕೆಟ್ಟಿನ ಹಣವನ್ನು ರೂಪಾಯಿಯಲ್ಲಿ ಲೆಕ್ಕ ಹಾಕಿದವನಿಗೆ ಎಲ್ಲವನ್ನೂ ನೋಡಿಬಿಡುವ ಆತುರ. ಗೋಪುರ ಬಂದಿತು, ಸೇತುವೆ ಬಂದಿತು, ಅರಮನೆ ಕಳೆಯಿತು. ಮನಸ್ಸಿನಲ್ಲಿ ಯಾವುದೂ ನಿಲ್ಲಲಿಲ್ಲ.

ಕಡೆಗೆ ಥೇಮ್ಸ್ ನದಿಯ ಬಳಿ ಇಳಿದು, ದಂಡೆಗುಂಟ ನಡೆದು, ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಬಂದನು. ಅಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆ! ನದಿಯಾಚೆ ಬ್ರಿಟಿಷರ ಪಾರ್ಲಿಮೆಂಟು; ಈಚೆ ದಂಡೆಯಲ್ಲಿ 12ನೆಯ ಶತಮಾನದ ಕನ್ನಡ ನಾಡಿನ ಶರಣ. ತರುಣನು ಚೀಲವನ್ನು ಕೆಳಗಿರಿಸಿ ಕುಳಿತನು. ಎಷ್ಟು ಬಸ್ಸುಗಳು ಕಳೆದುಹೋದವೋ ಎಣಿಸಲಿಲ್ಲ. ಊರಿನ ರಸ್ತೆ ಕಲಿಸಿದ ತಾಳ್ಮೆ ಅಲ್ಲಿ ಕೈಹಿಡಿಯಿತು.

ಹಿಂದಿರುಗಿದಾಗ ತಾಯಿ, “ಏನೇನು ನೋಡಿ ಬಂದೆಯಪ್ಪಾ?” ಎಂದು ಕೇಳಿದಳು. ದೊಡ್ಡ ಪಟ್ಟಿಯನ್ನೇ ಒಪ್ಪಿಸಬೇಕೆಂದಿದ್ದವನ ಬಾಯಲ್ಲಿ ಬಂದುದು ಒಂದೇ ಕಥೆ, ತಾನು ಇಳಿದ ಜಾಗದ್ದು. ಆಕೆ ಅದನ್ನು ಎರಡು ಸಲ ಹೇಳಿಸಿಕೊಂಡಳು.